ಔಷಧ ಕೊಡುವವನ ಕಾಯಕ



ರೋಗಿಗೂ ವೈದ್ಯನಿಗೂ ಉಳ್ಳ ಸಂಬಂಧವನ್ನು ಲೋಕವೆಲ್ಲ ಬಲ್ಲುದು. ಆದರೆ ಇವರಿಬ್ಬರ ನಡುವೆ ನಿಂತು, ವೈದ್ಯನು ಬರೆದ ಚೀಟಿಯನ್ನೋದಿ, ಔಷಧವನ್ನು ಎಣಿಸಿ ಅಳೆದು ರೋಗಿಯ ಕೈಗೆ ಕೊಡುವ ಮೂರನೆಯವನನ್ನು ಗಮನಿಸುವವರು ವಿರಳ. ಈತನೇ ಫಾರ್ಮಸಿಸ್ಟ್. ಹಿಂದೆ ಆಸ್ಪತ್ರೆಗಳಲ್ಲಿ ಕಂಪೌಂಡರನೆಂದು ಕರೆಯಿಸಿಕೊಳ್ಳುತ್ತಿದ್ದವನ ಕೆಲಸವೇ ಇಂದು ಒಂದು ಶಾಸ್ತ್ರವಾಗಿ ಬೆಳೆದಿದೆ. ಈ ವೃತ್ತಿಯನ್ನು ಹಿಡಿಯಬಯಸುವ ತರುಣ ತರುಣಿಯರೂ ಅವರ ತಂದೆತಾಯಿಗಳೂ ಇದರ ಸ್ವರೂಪವನ್ನು ಅರಿಯುವುದು ಉಚಿತ.

ಭಾರತದಲ್ಲಿ ಈ ವಿದ್ಯೆಗೆ ವಿಶ್ವವಿದ್ಯಾಲಯದ ಸ್ಥಾನ ದೊರೆತದ್ದು ೧೯೩೨ರಲ್ಲಿ. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಅದಕ್ಕೆ ಅಡಿಗಲ್ಲನ್ನಿಟ್ಟರು. ಕನ್ನಡ ನಾಡಿನಲ್ಲಿ ಮಠಗಳೂ ಈ ಕಾರ್ಯಕ್ಕೆ ಕೈಯಿಕ್ಕಿವೆ. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ೧೯೭೩ರಲ್ಲಿ ಮೈಸೂರಿನಲ್ಲಿ ಔಷಧವಿಜ್ಞಾನದ ಕಾಲೇಜನ್ನು ತೆರೆಯಿತು.

ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನೋದಿ ತೇರ್ಗಡೆಯಾದವರಿಗೆ ಮೂರು ದಾರಿಗಳುಂಟು. ಡಿಪ್ಲೊಮಾ ವ್ಯಾಸಂಗ ಎರಡು ವರ್ಷ, ಅದರ ಮೇಲೆ ೫೦೦ ಗಂಟೆಗಳ ಪ್ರತ್ಯಕ್ಷಾಭ್ಯಾಸ, ಬಿ.ಫಾರ್ಮ. ಪದವಿ ನಾಲ್ಕು ವರ್ಷ, ಫಾರ್ಮ.ಡಿ. ಆರು ವರ್ಷ. ವ್ಯಾಸಂಗ ಮುಗಿದೊಡನೆ ಕಾರ್ಯ ಮುಗಿಯದು. ರಾಜ್ಯದ ಫಾರ್ಮಸಿ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ನೋಂದಾಯಿತವಾಗತಕ್ಕದ್ದು. ೧೯೪೮ರ ಫಾರ್ಮಸಿ ಕಾಯಿದೆಯಂತೆ, ವೈದ್ಯರ ಚೀಟಿಯ ಮೇಲೆ ಔಷಧವನ್ನು ಬೆರೆಸಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟನಿಗೇ ಸೇರಿದ್ದು. ತನ್ನ ರೋಗಿಗೆ ತಾನೇ ಕೊಡುವ ವೈದ್ಯನಿಗೆ ವಿನಾಯಿತಿಯುಂಟು.

ಈ ಕಟ್ಟುನಿಟ್ಟೇಕೆಂದು ಕೇಳಬಹುದು. ೧೯೩೭ರಲ್ಲಿ ಅಮೆರಿಕೆಯ ಒಂದು ಔಷಧ ಕಾರಖಾನೆಯು ಸಲ್ಫನಿಲಮೈಡ್ ಎಂಬ ಒಳ್ಳೆಯ ಮದ್ದನ್ನು ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿತು. ರುಚಿಯನ್ನೂ ಪರಿಮಳವನ್ನೂ ನೋಡಿದರೇ ಹೊರತು ವಿಷವಿದೆಯೇ ಎಂದು ಪರೀಕ್ಷಿಸಲಿಲ್ಲ. ನೂರಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ಮಕ್ಕಳು ಹಲವರು. ಮರುವರ್ಷವೇ ಆ ದೇಶದಲ್ಲಿ ಹೊಸ ಕಾಯಿದೆ ಬಂದಿತು. ಆದರೆ ಹೋದ ಜೀವಗಳು ಬರಲಿಲ್ಲ.

ಇಷ್ಟು ದೊಡ್ಡ ಅನಾಹುತವೇ ಆಗಬೇಕೆಂದಿಲ್ಲ. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಸೇವಿಸತಕ್ಕದ್ದು. ಅದನ್ನು ದಿನವೂ ನುಂಗಿದ ರೋಗಿಯ ಪ್ರಾಣಕ್ಕೇ ಸಂಚಕಾರ. “ಅಮ್ಮಾ, ಇದು ವಾರಕ್ಕೆ ಒಂದೇ ದಿನ, ಯಾವ ದಿನವೆಂದು ಗುರುತು ಹಾಕಿಕೊಳ್ಳಿ” ಎಂಬ ಒಂದು ಮಾತು ಇಲ್ಲಿ ಔಷಧದಷ್ಟೇ ಬೆಲೆಯುಳ್ಳದ್ದು. ಆ ಮಾತನ್ನಾಡಲು ಬಲ್ಲವನು ಅಲ್ಲಿ ಇರಬೇಕು.

ಈ ವೃತ್ತಿಯ ದೊಡ್ಡ ಕಳಂಕವಿರುವುದು ಇಲ್ಲಿಯೇ. ಓದಿದವನು ತನ್ನ ಪ್ರಮಾಣಪತ್ರವನ್ನು ಅಂಗಡಿಯವನಿಗೆ ತಿಂಗಳ ಬಾಡಿಗೆಗೆ ಕೊಟ್ಟು ತಾನು ಬೇರೆಡೆ ಇರುವುದುಂಟು. ಗೋಡೆಯ ಮೇಲೆ ಅವನ ಹೆಸರು ತೂಗುತ್ತದೆ. ಮದ್ದು ಕೊಡುವವನು ಏನೂ ಅರಿಯದ ಹುಡುಗ. ಹೀಗೆ ಬಂದ ಹಣ ದುಡಿಮೆಯ ಫಲವಲ್ಲ. ಕಾಯಕವೆಂದರೆ ಕಾಯದಿಂದ ಮಾಡುವುದು. ಕಾಗದವು ಕಾಯಕ ಮಾಡಲಾರದು.

ಅಂಗಡಿಯಲ್ಲಿ ನಿಂತವನಿಗೂ ಪರೀಕ್ಷೆ ತಪ್ಪದು. ಚೀಟಿಯಿಲ್ಲದೆ ಪ್ರತಿಜೈವಿಕ ಮಾತ್ರೆಗಳನ್ನು ಕೇಳುವ ಗಿರಾಕಿಗೆ ಇಲ್ಲವೆಂದರೆ ಅವನು ಪಕ್ಕದ ಅಂಗಡಿಗೆ ಹೋದಾನು. ಕೊಟ್ಟರೆ ಲಾಭ ಇಂದಿನದು. ಮದ್ದಿಗೆ ಬಗ್ಗದ ರೋಗಾಣುಗಳು ಹುಟ್ಟಿ, ಹಾನಿ ಊರಿಗೆಲ್ಲ ನಾಳೆ. ೨೦೧೪ರಿಂದ ಕೆಲವು ಪ್ರಬಲ ಔಷಧಗಳನ್ನು ಕೊಟ್ಟಾಗ ವೈದ್ಯನ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣಗಳನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬ ನಿಯಮ ಜಾರಿಗೆ ಬಂದುದು ಇದಕ್ಕಾಗಿಯೇ.

ಆದುದರಿಂದ ಮಗನನ್ನೋ ಮಗಳನ್ನೋ ಈ ವಿದ್ಯೆಗೆ ಕಳುಹುವ ಹಿರಿಯರು ಸಂಬಳವೆಷ್ಟೆಂದು ಕೇಳುವುದು ತಪ್ಪಲ್ಲ. ಅದರ ಜೊತೆಗೆ, ಬಂದ ಗಿರಾಕಿಯನ್ನು ಕಳೆದುಕೊಂಡಾದರೂ “ಇದನ್ನು ಕೊಡಲಾಗದು” ಎನ್ನುವ ಧೈರ್ಯ ಈ ಮಗುವಿಗಿದೆಯೇ ಎಂದೂ ಕೇಳಿಕೊಳ್ಳಲಿ. ಅಂಥವರು ಊರಿಗೊಬ್ಬರಿದ್ದರೂ ಆ ಊರಿನ ರೋಗಿಗಳು ನಿಶ್ಚಿಂತರು.