ಊರ ಬೆಟ್ಟ, ಡ್ರಾಯಿಂಗ್ ಬೆಟ್ಟ



ಕಥೆಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವ ನಮ್ಮನ್ನು ಕರೆದು ಈ ಯಂತ್ರದ ಮುಂದೆ ಕುಳ್ಳಿರಿಸಿ, ‘ನಿಮ್ಮ ಕಸುಬಿನ ವಿಚಾರವಾಗಿ ಕಾಲುಗಂಟೆ ಮಾತನಾಡಿರಿ’ ಎಂದು ಅಪ್ಪಣೆ ಮಾಡಿದ್ದಾರೆ. ಅಡಿಗೆಯವನನ್ನು ಕರೆದು, ‘ಎಲೆ ಹಾಕಬೇಡ, ಊಟವನ್ನು ಬಾಯಿಮಾತಿನಲ್ಲಿಯೇ ಬಡಿಸು’ ಎಂದಂತಾಯಿತು. ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿಯನ್ನು ಆರಂಭಿಸಿದಂದಿನಿಂದ ಕನ್ನಡಿಗರು ಈ ಪೆಟ್ಟಿಗೆಯ ಮೂಲಕ ಹಾಡು ಕೇಳಿದ್ದಾರೆ, ನಾಟಕ ಕೇಳಿದ್ದಾರೆ, ವಾರ್ತೆ ಕೇಳಿದ್ದಾರೆ. ಚಿತ್ರ ಕೇಳಿದವರು ಮಾತ್ರ ಕಡಮೆ. ಈ ಹೊತ್ತು ನೀವು ಕೇಳಬೇಕಾಗಿದೆ.

ಆದರೂ ನಮ್ಮ ನುಡಿಯಲ್ಲಿ ಇದಕ್ಕೆ ಒಂದು ಅನುಕೂಲವುಂಟು. ಕನ್ನಡದಲ್ಲಿ ನಾವು ಚಿತ್ರವನ್ನು ‘ಬರೆಯುತ್ತೇವೆ’. ಕಾಗದ ಬರೆಯುತ್ತೇವೆ, ಲೆಕ್ಕ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಬ್ರಹ್ಮನು ಹಣೆಯ ಮೇಲೆ ಮಾಡುವ ಕೆಲಸಕ್ಕೂ ಇದೇ ಕ್ರಿಯಾಪದ. ಆತನೂ ಒಂದು ಬಗೆಯ ಚಿತ್ರಗಾರನೇ ಇರಬೇಕು. ಬರೆದುದನ್ನು ತಿರುಗಿ ನೋಡುವ ಅಭ್ಯಾಸ ಆತನಿಗೂ ಇಲ್ಲ, ನಮಗೂ ಇಲ್ಲ. ಫಲವನ್ನು ಅನುಭವಿಸತಕ್ಕವರು ಬೇರೆಯವರು. ಈ ಮಾತನ್ನು ವಿನೋದಕ್ಕಾಗಿ ಹೇಳಿದೆವು. ಅದು ಬರಿಯ ವಿನೋದವಲ್ಲವೆಂದು ತಿಳಿದದ್ದು ಕೂಟಗಲ್ಲಿನಲ್ಲಿ. ಅದನ್ನೇ ಇಂದು ಹೇಳಬೇಕಾಗಿರುವುದು.

ಮೊದಲು ನಮ್ಮ ದಿನಚರಿಯನ್ನು ಸ್ವಲ್ಪ ನಿವೇದಿಸುತ್ತೇವೆ. ಚಿತ್ರಗಾರನು ಕೆಲಸ ಮಾಡುವ ಹೊತ್ತಿನಲ್ಲಿ ನೋಡುವವರ ಕಣ್ಣಿಗೆ ಸುಮ್ಮನೆ ಕುಳಿತಿರುತ್ತಾನೆ. ಗೋಡೆಯನ್ನು ದಿಟ್ಟಿಸುತ್ತ ರಾಜಕುಮಾರಿಯ ಮುಖವನ್ನು ಹುಡುಕುತ್ತಿರುವಾಗಲೇ ಒಳಗಿನಿಂದ, ‘ಹೇಗೂ ಬಿಡುವಾಗಿದ್ದೀರಿ, ಈ ಹುರುಳಿಕಾಯಿಯ ನಾರು ತೆಗೆಯಿರಿ’ ಎಂಬ ಆಜ್ಞೆ ಬರುತ್ತದೆ. ನೆರೆಹೊರೆಯವರೂ ನಮ್ಮ ಕಲೆಯನ್ನು ಬಲ್ಲವರೇ. ‘ಹೇಗೂ ನಿಮಗೆ ಚಿತ್ರ ಬರುತ್ತದಲ್ಲ, ನಮ್ಮ ಗೇಟಿನ ಮೇಲೆ ಮನೆಯ ನಂಬರು ಬರೆದುಕೊಡಿ’ ಎನ್ನುತ್ತಾರೆ. ಇನ್ನು ಮಾದರಿಗಳ ಪಾಡು. ಕಥೆಯಲ್ಲಿ ಸಾಹುಕಾರನು ಬಂದರೆ ಎದುರುಮನೆಯ ಗುಮಾಸ್ತರ ಮೀಸೆಯನ್ನು ಎರವಲು ತೆಗೆದುಕೊಳ್ಳುತ್ತೇವೆ. ಅದು ಅವರಿಗೆ ಇನ್ನೂ ತಿಳಿದಿಲ್ಲ. ಕೈಯನ್ನು ಬರೆಯಬೇಕಾದಾಗ ಬಲಗೈಯಲ್ಲಿ ಸೀಸದ ಕಡ್ಡಿ ಹಿಡಿದು ಎಡಗೈಯನ್ನು ನೋಡಿಕೊಳ್ಳುತ್ತೇವೆ. ಹೀಗಾಗಿ ನಾವು ಬರೆದ ರಾಜರು, ಕಳ್ಳರು, ಸನ್ಯಾಸಿಗಳು, ಮದುವಣಗಿತ್ತಿಯರು ಎಲ್ಲರಿಗೂ ಇರುವುದು ನಮ್ಮ ಎಡಗೈಯೇ.

ನೋಡಿ ಬರೆಯುವುದೇ ಈ ವಿದ್ಯೆಯ ತಾಯಿಬೇರು ಎಂಬುದನ್ನು ನಾವು ಅರಿಯದವರಲ್ಲ. ೧೯೨೧ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರು ಬಾಲ್ಯದಲ್ಲಿ ಶಾಲೆಯಲ್ಲಿ ಬರೆದ ಅರಳಿಯ ಎಲೆಯೊಂದನ್ನು ಉಪಾಧ್ಯಾಯರು ಮೆಚ್ಚಿಕೊಂಡರಂತೆ; ಆ ಮೆಚ್ಚುಗೆಯನ್ನು ಅವರು ಮುಪ್ಪಿನವರೆಗೂ ಮರೆಯಲಿಲ್ಲ. ಡಾಕ್ಟರ್ ಶಿವರಾಮರು, ಎಂದರೆ ನಮ್ಮ ‘ರಾಶಿ’ಯವರು, ೧೯೪೨ರಲ್ಲಿ ಆರಂಭಿಸಿದ ‘ಕೊರವಂಜಿ’ಗೆ ಚಿತ್ರ ಬರೆದ ಕೈ ಅದೇ. ದೇಶಕ್ಕೆಲ್ಲ ಹೆಸರಾದ ಮೇಲೂ ಅವರು ಕಿಟಕಿಯಾಚೆಯ ಕಾಗೆಯನ್ನು ನೋಡುವುದನ್ನು, ನೋಡಿ ಬರೆಯುವುದನ್ನು ಬಿಡಲಿಲ್ಲ. ಕಾಗೆಯನ್ನು ಬಲ್ಲೆನೆಂದು ಅವರು ಎಂದೂ ತಿಳಿದುಕೊಳ್ಳಲಿಲ್ಲವೆಂದು ತೋರುತ್ತದೆ. ನಾವಾದರೋ ಎಲ್ಲವನ್ನೂ ಬಲ್ಲೆವೆಂದು ತಿಳಿದುಕೊಂಡಿದ್ದೆವು.

ಹೀಗಿರಲು ಪ್ರಕಾಶಕರೊಬ್ಬರು ಮಕ್ಕಳ ಕಥೆಯೊಂದಕ್ಕೆ ಚಿತ್ರ ಬೇಕೆಂದು ಕೇಳಿದರು. ‘ವಿಶೇಷವೇನೂ ಇಲ್ಲ, ಒಂದು ಹಳ್ಳಿ’ ಎಂದರು. ಹಳ್ಳಿಯನ್ನು ಬರೆಯುವುದಕ್ಕೆ ನಮಗೆ ಹತ್ತು ನಿಮಿಷ ಸಾಕು. ಹುಲ್ಲು ಹೊದಿಸಿದ ಒಂದು ಗುಡಿಸಲು, ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಸೊಂಟದ ಮೇಲೆ ಕೊಡ ಹೊತ್ತ ಹೆಂಗಸು, ಹಿಂದೆ ಎರಡು ತ್ರಿಕೋಣದ ಬೆಟ್ಟ, ನಡುವೆ ಅರ್ಧ ಸೂರ್ಯ, ಆಕಾಶದಲ್ಲಿ ನಾಲ್ಕು ಹಕ್ಕಿ. ಮೂವತ್ತು ವರ್ಷದಿಂದ ಈ ಹಳ್ಳಿಯನ್ನು ನಾವು ಮಾರುತ್ತಿದ್ದೇವೆ. ಆದರೆ ಕಥೆಯು ನಡೆಯುವುದು ರಾಮನಗರದ ಸೀಮೆಯಲ್ಲಿ ಎಂದಿತ್ತು. ಒಂದು ದಿನ ಊರು ಬಿಟ್ಟು ಹೊರಗೆ ಹೋಗುವುದಕ್ಕೆ ನೆಪವೂ ಬೇಕಾಗಿತ್ತು. ಮನೆಯಲ್ಲಿ ಆ ದಿನ ಹುರುಳಿಕಾಯಿ ಬಹಳವಾಗಿತ್ತು. ಹೊರಟೆವು.

ರಾಮನಗರದಷ್ಟು ಹೆಸರು ಬದಲಾಯಿಸಿಕೊಂಡ ಊರು ನಮ್ಮ ಕಡೆ ಅಪರೂಪ. ಟಿಪ್ಪುವಿನ ಕಾಲದಲ್ಲಿ ಅದು ಶಂಸೇರಾಬಾದ್, ಆಮೇಲೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆ, ಅನಂತರ ರಾಮನಗರ. ೨೦೦೭ರಲ್ಲಿ ಅದು ಜಿಲ್ಲೆಯಾಯಿತು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಅಲ್ಲಿನ ಬೆಟ್ಟಗಳ ಅದೃಷ್ಟವೂ ಹಾಗೆಯೇ. ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಚಿತ್ರಕ್ಕಾಗಿ ಅವು ಉತ್ತರದೇಶದ ರಾಮಗಢವಾಗಿ ನಿಂತವು. ೧೯೮೪ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕಾಗಿ ರಾಮದೇವರ ಬೆಟ್ಟವೂ ಸಾವನದುರ್ಗವೂ ಗಂಗೆಯ ಸೀಮೆಯ ಗುಹೆಗಳಾಗಿ ನಿಂತವು. ಕೋಟ್ಯಂತರ ಜನ ಈ ಬೆಟ್ಟಗಳನ್ನು ನೋಡಿದ್ದಾರೆ. ಆದರೆ ಬೇರೆ ಬೆಟ್ಟಗಳೆಂದು ನೋಡಿದ್ದಾರೆ. ಪಾತ್ರ ವಹಿಸಿ ವಹಿಸಿ ತನ್ನ ಮುಖವನ್ನೇ ಯಾರಿಗೂ ತೋರಿಸದ ನಟನಂತಾಗಿದೆ ಅವುಗಳ ಸ್ಥಿತಿ.

ಅಲ್ಲಿಂದ ಒಳದಾರಿ ಹಿಡಿದು ಕೂಟಗಲ್ಲಿಗೆ ಹೋದೆವು. ಹೋಬಳಿಯ ಊರು. ಆ ಹೆಸರನ್ನು ಪಂಡಿತರು ಹೇಗೆ ಬಿಡಿಸುವರೋ, ನಮ್ಮ ಕಿವಿಗೆ ಮಾತ್ರ ‘ಕಲ್ಲುಗಳು ಕೂಟ ಸೇರಿದ ಸ್ಥಳ’ ಎಂದೇ ಕೇಳಿಸಿತು. ಕಣ್ಣಿಗೆ ಕಂಡದ್ದೂ ಅದೇ. ಊರಾಚೆ ಒಂದು ಹುಣಿಸೆಯ ಮರದ ಕೆಳಗೆ ಕುಳಿತು ಪುಸ್ತಕ ಬಿಚ್ಚಿದೆವು. ಎದುರಿಗೆ ಬೆಟ್ಟ. ಅಭ್ಯಾಸಬಲದಿಂದ ಕೈಯು ತ್ರಿಕೋಣವನ್ನು ಎಳೆಯಿತು, ಕಣ್ಣು ಒಪ್ಪಲಿಲ್ಲ. ಆ ಬೆಟ್ಟದಲ್ಲಿ ಒಂದಾದರೂ ನೇರವಾದ ಗೆರೆ ಇರಲಿಲ್ಲ. ತಟ್ಟೆಯಲ್ಲಿಟ್ಟ ರಾಗಿಯ ಮುದ್ದೆಯಂತೆ ಅದು ದುಂಡಗೆ, ನುಣ್ಣಗೆ ಕುಳಿತಿತ್ತು. ನೆತ್ತಿಯಿಂದ ಮಳೆನೀರು ಇಳಿದ ಕಡೆ ಉದ್ದುದ್ದ ಕಪ್ಪು ಪಟ್ಟೆಗಳು, ಎಣ್ಣೆ ಇಳಿದ ತಲೆಯಂತೆ.

ಈ ದುಂಡಿಗೂ ಕಾರಣವುಂಟು. ಭೂವಿಜ್ಞಾನಿಗಳು ಈ ಸೀಮೆಯ ಕಲ್ಲಿಗೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು ಹೇಳುತ್ತಾರೆ. ಉತ್ತರ ದಕ್ಷಿಣವಾಗಿ ಸುಮಾರು ೪೦೦ ಕಿಲೋಮೀಟರು ಹಬ್ಬಿರುವ ಈ ಕಲ್ಲು ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕುದಿದು ತಣಿದದ್ದು. ಮೇಲಿನ ಹೊದಿಕೆ ಸವೆದು ಭಾರ ಇಳಿದಂತೆಲ್ಲ ಅದು ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಮೂಲೆಗಳು ಮೊದಲು ಉದುರುತ್ತವೆ. ನಾವು ಮೂವತ್ತು ವರ್ಷ ಬರೆದ ಮೂಲೆಗಳನ್ನು ಮಳೆಯೂ ಬಿಸಿಲೂ ನಮಗಿಂತ ಬಹಳ ಮೊದಲೇ ಅಳಿಸಿ ಹಾಕಿದ್ದುವು.

ಎರಡು ಗಂಟೆ ಕುಳಿತು ಆ ದುಂಡನ್ನು ಹಿಡಿದೆವು. ಅಷ್ಟರಲ್ಲಿ ಹೆಗಲ ಹಿಂದೆ ಒಂದು ಉಸಿರು ಕೇಳಿಸಿತು. ಎಂಟೊಂಬತ್ತು ವರ್ಷದ ಒಬ್ಬ ಹುಡುಗ; ಶಾಲೆ ಬಿಟ್ಟು ಬಂದವನು, ಬೆನ್ನಿಗೆ ಚೀಲ.

‘ಇದೇನ್ ಸಾರ್ ಇದು?’ ಎಂದ.

‘ಬೆಟ್ಟವಪ್ಪ’ ಎಂದೆವು.

‘ಬೆಟ್ಟ ಹಿಂಗಿರಲ್ಲ ಸಾರ್.’

ನಮಗೆ ನಗು ಬಂದಿತು. ‘ಹಾಗಾದರೆ ನೀನೇ ಬರೆದು ತೋರಿಸು’ ಎಂದು ಸೀಸದ ಕಡ್ಡಿಯನ್ನು ಕೊಟ್ಟೆವು. ಆ ಬೆಟ್ಟದ ಬುಡದಲ್ಲಿ ಹುಟ್ಟಿ, ಅದರ ಮೇಲೆ ಹತ್ತಿ ಜಾರಿ ಆಡಿ ಬೆಳೆದ ಆ ಹುಡುಗನು ನಮ್ಮ ಪಕ್ಕದಲ್ಲಿ ಮಂಡಿಯೂರಿ, ಬೆಟ್ಟದ ಕಡೆಗೆ ಒಮ್ಮೆಯೂ ತಲೆಯೆತ್ತದೆ, ಎರಡು ತ್ರಿಕೋಣಗಳನ್ನು ಎಳೆದ. ನಡುವೆ ಅರ್ಧ ಸೂರ್ಯನನ್ನು ಇಟ್ಟ. ನಾಲ್ಕು ಹಕ್ಕಿಗಳನ್ನೂ ಹಾರಿಸಿದ.

‘ಅಲ್ಲವಪ್ಪ, ಅಲ್ಲಿ ನೋಡು, ಹಾಗಿದೆಯೇ?’ ಎಂದು ಕೈ ತೋರಿಸಿದೆವು.

ಅವನು ನೋಡಿದ. ನಮ್ಮ ಮಂದಬುದ್ಧಿಗಾಗಿ ಮರುಗಿದವನಂತೆ ಬಿಡಿಸಿ ಹೇಳಿದ: ‘ಅದು ನಮ್ಮೂರ ಬೆಟ್ಟ ಸಾರ್. ಇದು ಡ್ರಾಯಿಂಗ್ ಬೆಟ್ಟ.’ ಸಾಕ್ಷಿಗಾಗಿ ಚೀಲದಿಂದ ಪುಸ್ತಕವೊಂದನ್ನು ತೆಗೆದು ತೋರಿಸಿದ. ಅಲ್ಲಿ ಎರಡು ತ್ರಿಕೋಣಗಳಿದ್ದುವು.

ಆ ಚಿತ್ರ ನಮ್ಮದಾಗಿರಲಿಲ್ಲ. ಆದರೆ ‘ನಮ್ಮದಲ್ಲ’ ಎಂದು ಹೇಳಿಕೊಳ್ಳುವ ಧೈರ್ಯ ನಮಗೆ ಬರಲಿಲ್ಲ. ಅಂಥವನ್ನು ನೂರಾರು ಬರೆದು ಕೂಲಿ ಪಡೆದವರು ನಾವು. ಚಿತ್ರ ಕೆಟ್ಟರೆ ಕಾಗದ ಕೆಟ್ಟಿತು, ಅಷ್ಟೆ, ಎಂದು ಅದುವರೆಗೆ ತಿಳಿದಿದ್ದೆವು. ಒಬ್ಬ ಹುಡುಗನ ಕಣ್ಣಮುಂದೆ ನಿಂತಿರುವ ಬೆಟ್ಟವು ಚಿತ್ರಕ್ಕೆ ತಕ್ಕದ್ದಲ್ಲವೆಂದು ಅವನಿಗೆ ತೋರುವಂತೆ ಮಾಡುವ ಶಕ್ತಿಯು ನಮ್ಮ ಸೋಮಾರಿತನಕ್ಕೆ ಇದೆಯೆಂಬುದನ್ನು ತಿಳಿದಿರಲಿಲ್ಲ. ಇಷ್ಟು ದೊಡ್ಡ ಬೆಟ್ಟವನ್ನು ಒಬ್ಬನಿಂದ ಕಸಿದುಕೊಳ್ಳುವುದಕ್ಕೆ ಎರಡು ಗೆರೆ ಸಾಕಾಯಿತಲ್ಲ!

ನಮ್ಮ ಮುಖ ಬಾಡಿದ್ದನ್ನು ಹಸಿವೆಂದು ಭಾವಿಸಿ ಹುಡುಗನು ನಮ್ಮನ್ನು ಮನೆಗೆ ಕರೆದೊಯ್ದ. ಅವನ ಅಜ್ಜಿ ಮಜ್ಜಿಗೆ ಕೊಟ್ಟರು. ಆ ಕಡೆಯವರಿಗೆ ರೇಷ್ಮೆಯ ಬೇಸಾಯ ಮುಖ್ಯ. ಏಷ್ಯದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಅಜ್ಜಿಯ ಹುಳುಮನೆಯಲ್ಲಿ ಕುಳಿತು ಹುಳುಗಳ ಚಿತ್ರವನ್ನೂ ಬರೆದೆವು. ಅಜ್ಜಿ ಕನ್ನಡಕವನ್ನು ಸರಿಮಾಡಿಕೊಂಡು ನೋಡಿ, ‘ಜ್ವರಕ್ಕೆ ಕೂತಿರೋ ಹುಳದ ಬಾಯಿಗೆ ಸೊಪ್ಪು ಯಾಕೆ ಇಟ್ರಿ ಸ್ವಾಮಿ? ಅವು ಈಗ ತಿನ್ನಲ್ಲ. ತಲೆ ಎತ್ಕೊಂಡು ಸುಮ್ನೆ ಇರ್ತವೆ, ನೋಡಿ’ ಎಂದರು. ನೋಡಿದರೆ ನಿಜ. ಹುಳುಗಳೆಲ್ಲ ತಲೆಯೆತ್ತಿ ಅಲುಗಾಡದೆ ಕುಳಿತಿದ್ದುವು. ಹಿಪ್ಪುನೇರಳೆಯ ಎಲೆಯನ್ನು ಅವುಗಳ ಬಾಯಿಗೆ ತುರುಕಿದವರು ನಾವು.

ರೇಷ್ಮೆಯ ಹುಳುವು ಗೂಡು ಕಟ್ಟುವ ಮೊದಲು ನಾಲ್ಕು ಸಲ ಹೀಗೆ ಜ್ವರಕ್ಕೆ ಕೂರುತ್ತದೆ. ತಿನ್ನುವುದಿಲ್ಲ, ತೆವಳುವುದಿಲ್ಲ. ಅರಿಯದವರು ಸತ್ತಿತೆನ್ನಬೇಕು. ಒಳಗೆ ಹೊಸ ಚರ್ಮ ಸಿದ್ಧವಾಗುತ್ತಿರುತ್ತದೆ. ಹಳೆಯದನ್ನು ಕಳಚಿ ಎದ್ದಮೇಲೆ ಅದರ ಹಸಿವನ್ನು ನೋಡಬೇಕು. ಈ ವಿದ್ಯಮಾನಕ್ಕೆ ‘ಜ್ವರ’ವೆಂಬ ಹೆಸರಿಟ್ಟ ರೈತನಿಗೆ ನಾವು ಮನಸ್ಸಿನಲ್ಲಿಯೇ ಕೈಮುಗಿದೆವು. ಗೋಡೆ ನೋಡುತ್ತ ಕೂರುವ ನಮ್ಮ ರೋಗಕ್ಕೂ ಅದೇ ಸರಿಯಾದ ಹೆಸರು.

ಪಕ್ಕದ ಮನೆಯಲ್ಲಿ ಹುಳು ಹಣ್ಣಾಗಿ ಚಂದ್ರಿಕೆಯನ್ನು ಏರಿತ್ತು. ಹಣ್ಣಾದ ಹುಳು ಮೊದಲು ಆ ಕಡೆ ಈ ಕಡೆ ಸಡಿಲವಾದ ಎಳೆಗಳನ್ನು ಎಸೆದು ತನ್ನನ್ನು ನೆಲೆಗೊಳಿಸಿಕೊಳ್ಳುತ್ತದೆ. ಆಮೇಲೆ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಗೂಡು ಕಟ್ಟುತ್ತದೆ. ನಮ್ಮ ಕನ್ನಡದ ಎಂಟಲ್ಲ, ಇಂಗ್ಲಿಷಿನ ಎಂಟು. ಸಾವಿರ ಮೀಟರಿನ ಆಸುಪಾಸಿನ ಒಂದೇ ಎಳೆ, ಎಲ್ಲಿಯೂ ಕೈಯೆತ್ತದೆ! ನೂಲು ಬಿಚ್ಚುವವರು ಹೊರಗಿನ ಸಡಿಲ ಎಳೆಗಳನ್ನು ತೆಗೆದುಹಾಕಿ ಒಳಗಿನ ನಿಜವಾದ ಎಳೆಯನ್ನು ಹಿಡಿಯುತ್ತಾರೆ. ನಮ್ಮ ಕರಡು ಗೆರೆಗಳನ್ನು ರಬ್ಬರು ಅಳಿಸುವುದೂ ಹೀಗೆಯೇ. ಆದರೆ ಆ ಎಳೆಗಳಿಲ್ಲದೆ ಗೂಡು ನಿಲ್ಲುವುದು ಯಾವುದರ ಮೇಲೆ?

ಅಲ್ಲಿಯೂ ನಮ್ಮ ಕೈ ಮೋಸ ಮಾಡಹೊರಟಿತು. ಎದುರಿಗಿದ್ದುದು ಪ್ಲಾಸ್ಟಿಕ್ಕಿನ ಚಂದ್ರಿಕೆ. ಕೈ ಬರೆಯುತ್ತಿದ್ದುದು ಬಿದಿರಿನದು. ಬಿದಿರು ಚಂದವೇನೋ ಸರಿ. ಹಳ್ಳಿಯ ಹಳೆಯ ಮುಟ್ಟುಗಳನ್ನು ಪ್ರೀತಿಯಿಂದ ಕೂಡಿಸಿಡುವುದಕ್ಕೆಂದೇ ನಾಗೇಗೌಡರು ಅದೇ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ್ದಾರೆ. ಅಲ್ಲಿ ಅವು ತಕ್ಕ ಸ್ಥಳದಲ್ಲಿವೆ. ನಮ್ಮ ತಪ್ಪೆಂದರೆ, ಜನ ಬಾಳುತ್ತಿರುವ ಮನೆಯನ್ನೂ ವಸ್ತುಸಂಗ್ರಹಾಲಯದಂತೆ ಬರೆಯುತ್ತಿದ್ದುದು. ಬಿದಿರನ್ನು ಅಳಿಸಿ ಪ್ಲಾಸ್ಟಿಕ್ಕನ್ನು ಬರೆದೆವು. ಹೇಳಬಾರದು, ಅದರ ಬಳುಕು ಕಷ್ಟವಾಗಿತ್ತು, ಚೆನ್ನಾಗಿಯೂ ಇತ್ತು.

ಊರಿಗೆ ಬಂದು ಪ್ರಕಾಶಕರಿಗೆ ಚಿತ್ರಗಳನ್ನು ಒಪ್ಪಿಸಿದೆವು. ಅವರು ಬಹಳ ಹೊತ್ತು ನೋಡಿ, ‘ಎಲ್ಲ ಸರಿ, ಬೆಟ್ಟ ಮಾತ್ರ ಬೆಟ್ಟದ ಹಾಗಿಲ್ಲ’ ಎಂದರು. ಮಕ್ಕಳಿಗೆ ಗುರುತು ಸಿಕ್ಕುವುದಿಲ್ಲವೆಂದರು. ಕೂಟಗಲ್ಲಿನ ಮಕ್ಕಳಿಗೆ ಸಿಕ್ಕುತ್ತದೆ ಎಂದೆವು. ‘ಕೂಟಗಲ್ಲಿನಲ್ಲಿ ಎಷ್ಟು ಪ್ರತಿ ಹೋಗುತ್ತದೆ?’ ಎಂದು ಕೇಳಿದರು. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಐದು ನಿಮಿಷದಲ್ಲಿ ಎರಡು ತ್ರಿಕೋಣ ಎಳೆದುಕೊಟ್ಟಿದ್ದರೆ ಹಣ ಕೈಗೆ ಬರುತ್ತಿತ್ತು. ಆ ತಿಂಗಳ ಬಾಡಿಗೆಗೆ ಅದು ಬೇಕಾಗಿಯೂ ಇತ್ತು. ‘ಜ್ವರ ಬಂದಿದೆ, ಎರಡು ದಿನ ಬಿಟ್ಟು ತಿದ್ದಿಕೊಡುತ್ತೇವೆ’ ಎಂದು ಹೇಳಿ ಮನೆಗೆ ಬಂದು, ತಲೆಯೆತ್ತಿ ಸುಮ್ಮನೆ ಕುಳಿತೆವು. ಮೂರನೆಯ ದಿನ ಅಚ್ಚುಕೂಟದವರು ಅವಸರ ಮಾಡಿದರಂತೆ. ಬೇರೆ ಚಿತ್ರಕ್ಕೆ ಸಮಯವಿಲ್ಲದೆ ದುಂಡು ಬೆಟ್ಟವೇ ಅಚ್ಚಾಯಿತು. ನಮ್ಮ ಧೈರ್ಯದಿಂದ ಉಳಿಯಿತೆಂದು ಹೇಳಿಕೊಳ್ಳಲು ಆಸೆಯಿದ್ದರೂ ಸತ್ಯ ಇಷ್ಟೆ. ಅಲ್ಲಿಂದೀಚೆಗೆ ಪ್ರಕಾಶಕರು ನಮಗೆ ಹೇಳಿಕಳುಹಿಸಿಲ್ಲ.

ಪುಸ್ತಕದ ಒಂದು ಪ್ರತಿಯನ್ನು ಕೂಟಗಲ್ಲಿಗೆ ತೆಗೆದುಕೊಂಡು ಹೋಗಿ ಹುಡುಗನ ಕೈಗೆ ಕೊಟ್ಟೆವು. ಅವನು ಬೆಟ್ಟದ ಪುಟವನ್ನು ತೆರೆದು ಪುಸ್ತಕವನ್ನು ನೋಡಿದ. ತಲೆಯೆತ್ತಿ ಬೆಟ್ಟವನ್ನು ನೋಡಿದ. ತಿರುಗಿ ಪುಸ್ತಕವನ್ನು ನೋಡಿದ. ‘ಆ ಕಡೆ ಇನ್ನೊಂದು ಬಂಡೆ ಐತೆ ಸಾರ್, ನೀವು ಬಿಟ್‌ಬಿಟ್ಟಿದ್ದೀರಿ’ ಎಂದ. ಮೂವತ್ತು ವರ್ಷಗಳಲ್ಲಿ ನಮ್ಮ ಚಿತ್ರಕ್ಕೆ ಬಂದ ವಿಮರ್ಶೆಗಳಲ್ಲಿ ಇದೇ ದೊಡ್ಡದೆಂದು ನಾವು ಎಣಿಸಿದ್ದೇವೆ.

ಮಹನೀಯರೇ, ನಮ್ಮ ಹೊತ್ತು ತೀರಿತು. ಕಾಲುಗಂಟೆಯಿಂದ ನಮ್ಮ ಮಾತು ಕೇಳುತ್ತ ನೀವೂ ನಿಮ್ಮ ನಿಮ್ಮ ಮನಸ್ಸಿನಲ್ಲಿ ಕೂಟಗಲ್ಲಿನ ಬೆಟ್ಟವನ್ನು ಬರೆದುಕೊಂಡಿರಬೇಕು. ಅದರಲ್ಲಿ ಎಲ್ಲಿಯಾದರೂ ಒಂದು ಮೂಲೆ ಉಳಿದಿದ್ದರೆ ದಯವಿಟ್ಟು ಅಳಿಸಿರಿ.