ಅಮ್ಮಾ, ಇವತ್ತು ನಾನು ಪಾಸಾ, ಫೇಲಾ?

ನಿಮ್ಮಲ್ಲಿ ಸುಮಾರು ಜನ ಬಸ್ಸಲ್ಲಿ ಕೂತು ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇರ್ತೀರ. ನಾನು ಹೇಳ್ತಿರೋದೂ ಒಂದು ಬಸ್ಸಿನ ಕಥೆಯೇ.

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಅವಳಿಗೆ ಟೈಪ್ 1 ಡಯಾಬಿಟಿಸ್ ಇದೆ ಅಂತ ಗೊತ್ತಾಯ್ತು. "ಇಷ್ಟು ಚಿಕ್ಕ ಮಗುಗೆ ಶುಗರ್ರಾ? ಸಿಹಿ ಜಾಸ್ತಿ ಕೊಟ್ರಾ?" ಅಂತ ಕೇಳದ ನೆಂಟರಿಲ್ಲ. ಸಿಹಿ ತಿಂದಿದ್ದಕ್ಕೆ ಬರೋ ಕಾಯಿಲೆ ಅಲ್ಲ ಇದು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡುತ್ತದೆ. ಆಮೇಲೆ ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು. ನನ್ನ ಮಗಳಿಗೆ ದಿನಕ್ಕೆ ನಾಲ್ಕು ಇಂಜೆಕ್ಷನ್. ಬೆರಳು ಚುಚ್ಚಿ ಶುಗರ್ ನೋಡೋದು ಬೇರೆ.

ಮೂರು ತಿಂಗಳಿಗೊಮ್ಮೆ ಹಾಸನದಿಂದ ಬೆಂಗಳೂರಿಗೆ ಚೆಕಪ್‌ಗೆ ಹೋಗ್ತೀವಿ. ಎಚ್‌ಬಿಎ1ಸಿ ಅಂತ ಒಂದು ರಕ್ತ ಪರೀಕ್ಷೆ ಇದೆ. ಹಿಂದಿನ ಎರಡು-ಮೂರು ತಿಂಗಳಲ್ಲಿ ಶುಗರ್ ಸರಾಸರಿ ಹೇಗಿತ್ತು ಅಂತ ಅದು ಹೇಳುತ್ತೆ. ಹೋದ ಸಲ 9.4 ಬಂದಿತ್ತು. "ಮುಂದಿನ ಸಲ 8ರ ಒಳಗೆ ಬಂದ್ರೆ ಸೈಕಲ್ ಕೊಡಿಸ್ತೀನಿ" ಅಂದುಬಿಟ್ಟೆ. ಆಗ ಒಳ್ಳೇ ಐಡಿಯಾ ಅನ್ನಿಸಿತ್ತು.

ಈ ಸಲ 7.8 ಬಂತು. ಡಾಕ್ಟರ್ ಅವಳ ಕೈ ಕುಲುಕಿದ್ರು. ನಾನು ಉಸಿರು ಬಿಡೋ ಅಷ್ಟರಲ್ಲಿ ಇನ್ನೊಂದು ಹಾಳೆ ತಿರುಗಿಸಿದ್ರು. "ಥೈರಾಯ್ಡ್‌ದು ಟಿಎಸ್‌ಎಚ್ ಸ್ವಲ್ಪ ಜಾಸ್ತಿ ಇದೆ. ಆಂಟಿಬಾಡಿನೂ ಪಾಸಿಟಿವ್ ಬಂದಿದೆ."

ಟೈಪ್ 1 ಇರೋ ಮಕ್ಕಳಲ್ಲಿ ಇದು ಅಪರೂಪ ಅಲ್ಲ. ದಾರಿ ತಪ್ಪಿದ ಅದೇ ವ್ಯವಸ್ಥೆ ಥೈರಾಯ್ಡ್ ಗ್ರಂಥಿಯ ಮೇಲೂ ಬೀಳಬಹುದು. ಅದಕ್ಕೇ ಆಗಾಗ ಪರೀಕ್ಷೆ ಮಾಡಿಸೋದು. "ಈಗಲೇ ಔಷಧಿ ಬೇಡ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ಏರಿದ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅಷ್ಟೇ" ಅಂತ ಡಾಕ್ಟರ್ ಸಮಾಧಾನವಾಗೇ ಹೇಳಿದ್ರು. ನನ್ನ ತಲೆಗೆ ಹೋಗಿದ್ದು ಒಂದೇ: ಇನ್ನೊಂದು ಕಾಯಿಲೆ.

ಬಸ್ ಹತ್ತಿದ ತಕ್ಷಣ ನಮ್ಮನೆಯವರಿಗೆ ಫೋನ್ ಮಾಡಿದೆ. "ರೀ, ಥೈರಾಯ್ಡೂ ಶುರುವಾಗಿದೆ ಅಂತೆ" ಅಂದೆ. ಐದು ನಿಮಿಷ ಅದೇ ಮಾತು. ಕೊನೆಗೆ ಅವರೇ "ಶುಗರ್ ಎಷ್ಟು ಬಂತು?" ಅಂತ ಕೇಳಿದ್ರು. "ಹ್ಞಾಂ, ಅದು ಪರವಾಗಿಲ್ಲ" ಅಂದೆ.

ಮಗಳು ಪಕ್ಕದಲ್ಲೇ ಕೂತಿದ್ದಳು.

ಕುಣಿಗಲ್ ದಾಟಿದ ಮೇಲೆ ಬುತ್ತಿ ಬಿಚ್ಚೋಕೆ ಮುಂಚೆ ಮೀಟರ್ ಕೊಟ್ಟೆ. ತಾನೇ ಬೆರಳು ಚುಚ್ಚಿಕೊಂಡಳು. ನಂಬರ್ ಬರ್ತಿದ್ದ ಹಾಗೇ ಅಂಗೈಯಲ್ಲಿ ಸ್ಕ್ರೀನ್ ಮುಚ್ಚಿಕೊಂಡಳು.

"ಬೈಯಲ್ಲ ಅಂದ್ರೆ ತೋರಿಸ್ತೀನಿ."

243 ಇತ್ತು. ನಾನು ಏನೂ ಹೇಳಲಿಲ್ಲ. ಆಗ ಕೇಳಿದಳು: "ಅಮ್ಮಾ, ಇವತ್ತು ನಾನು ಪಾಸಾ, ಫೇಲಾ?"

ಆಮೇಲೆ ಒಂದೊಂದೇ ಹೊರಗೆ ಬಂತು. ಹಿಂದಿನ ತಿಂಗಳು ಮದುವೆ ಮನೆಯಲ್ಲಿ ಕದ್ದು ಹೋಳಿಗೆ ತಿಂದಿದ್ದಳಂತೆ. ರಾತ್ರಿ 290 ಬಂದಿದ್ದನ್ನು ಡೈರಿಯಲ್ಲಿ 160 ಅಂತ ಬರೆದಿದ್ದಳಂತೆ. ಸೈಕಲ್ ಹೋಗಿಬಿಡುತ್ತೆ ಅಂತ ಭಯ. ಆ 160 ನೋಡಿಯೇ ನಾನು ಇನ್ಸುಲಿನ್ ಲೆಕ್ಕ ಹಾಕಿದ್ದೆ. ಅವತ್ತು ಡೋಸ್ ಕಡಿಮೆಯಾಯ್ತು. ಇನ್ನೊಂದು ದಿನ ಸುಳ್ಳು ನಂಬರಿಗೆ ಡೋಸ್ ಜಾಸ್ತಿ ಆಗಿ, ನಿದ್ದೆಯಲ್ಲೇ ಶುಗರ್ ಇಳಿದುಬಿಟ್ಟಿದ್ದರೆ? ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತೆ.

ತಪ್ಪು ಅವಳದಲ್ಲ. ನಂಬರನ್ನು ಮಾರ್ಕ್ಸ್ ಮಾಡಿದ್ದು ನಾನು. ಜ್ವರ, ನಿದ್ದೆ, ಟೆನ್ಷನ್, ಆಟ ಎಲ್ಲದಕ್ಕೂ ಶುಗರ್ ಏರಿಳಿಯುತ್ತೆ. ಥೈರಾಯ್ಡ್ ಅಂತೂ ಯಾರ ಕೈಲೂ ಇಲ್ಲ. ಕೈಲಿಲ್ಲದ ವಿಷಯಕ್ಕೆಲ್ಲ ಒಂಬತ್ತು ವರ್ಷದ ಮಗು ನನ್ನ ಮುಖ ನೋಡಿ ಪಾಸು, ಫೇಲು ಅಂತ ಲೆಕ್ಕ ಹಾಕ್ತಾ ಇತ್ತು.

ಅಲ್ಲೇ, ಬೆಳ್ಳೂರು ಕ್ರಾಸ್ ಹತ್ತಿರ, ಅವಳಿಗೆ ಕೇಳೋ ಹಾಗೆ ಮತ್ತೆ ಫೋನ್ ಮಾಡಿದೆ. "ರೀ, ಆಗ ಸರಿಯಾಗಿ ಹೇಳಲೇ ಇಲ್ಲ. 9.4 ಇದ್ದಿದ್ದು 7.8ಕ್ಕೆ ಇಳಿದಿದೆ. ನಿಮ್ಮ ಮಗಳಿಗೆ ಡಾಕ್ಟರ್ ಶೇಕ್‌ಹ್ಯಾಂಡ್ ಕೊಟ್ರು" ಅಂದೆ. ಅವಳು ಕಿಟಕಿ ಕಡೆ ತಿರುಗಿ ನಕ್ಕಳು. ಥೈರಾಯ್ಡ್ ವಿಷಯ ಮುಚ್ಚಿಡಲಿಲ್ಲ. "ಇನ್ನೊಂದು ಪರೀಕ್ಷೆ ಇದೆ, ಒಂದು ಮಾತ್ರೆ ಬೇಕಾಗಬಹುದು, ಬೇಡವೂ ಆಗಬಹುದು" ಅಂತ ಅವಳಿಗೇ ಹೇಳಿದೆ. "ಮಾತ್ರೆ ತಾನೇ? ಸೂಜಿ ಅಲ್ವಲ್ಲ" ಅಂದಳು!

ಸೈಕಲ್ ಬಂತು. "ಇದು 7.8ಕ್ಕಲ್ಲ, ದಿನಾ ಚುಚ್ಚಿಸಿಕೊಳ್ತೀಯಲ್ಲ, ಅದಕ್ಕೆ" ಅಂದೆ. ಜೋರಾಗಿ ತುಳಿದರೆ ಶುಗರ್ ಇಳಿಯುತ್ತೆ, ಹಾಗಾಗಿ ಜೇಬಲ್ಲಿ ಗ್ಲೂಕೋಸ್ ಯಾವಾಗಲೂ ಇರುತ್ತೆ. ಈಗ ಮೀಟರ್ ನೋಡಿದಾಗ "ಎಷ್ಟು? ಸರಿ, ಈಗೇನು ಮಾಡೋಣ?" ಇಷ್ಟೇ ಕೇಳ್ತೀನಿ. ಮುಖ ಮಾತ್ರ ಇನ್ನೂ ಒಮ್ಮೊಮ್ಮೆ ಮಾತು ಕೇಳಲ್ಲ. ಆಗ ಅವಳೇ "ಅಮ್ಮಾ, ಮುಖ!" ಅಂತ ಎಚ್ಚರಿಸ್ತಾಳೆ.

ಥೈರಾಯ್ಡ್ ಪರೀಕ್ಷೆ ಮುಂದಿನ ತಿಂಗಳಿದೆ. ಭಯ ಹೋಗಿಲ್ಲ. ಆದರೆ ಈ ಸಲ ವಾಪಸ್ ಬರುವಾಗ ಫೋನ್ ಅವಳ ಕೈಗೇ ಕೊಡ್ತೀನಿ. ಅಪ್ಪನಿಗೆ ಮೊದಲು ಏನು ಹೇಳಬೇಕು ಅಂತ ಅವಳೇ ನಿರ್ಧಾರ ಮಾಡಲಿ.

ನಿಮ್ಮ ಮನೆಯಲ್ಲೋ, ಕ್ಲಾಸಲ್ಲೋ ಇಂಥ ಮಗು ಇದ್ದರೆ "ಶುಗರ್ ಎಷ್ಟು?" ಅನ್ನೋದಕ್ಕಿಂತ ಮುಂಚೆ "ಹೇಗಿದ್ದೀಯ?" ಅಂತ ಕೇಳಿ.