ಗಡಿ ದಾಟುವ ಗೊಂಬೆ



ಚನ್ನಪಟ್ಟಣದ ಅರಗುಬಣ್ಣದ ಗೊಂಬೆಗಳನ್ನು ನೀವು ಬಲ್ಲಿರಿ. ಅಂಥ ಅಲಂಕಾರದ ಗೊಂಬೆಗಳನ್ನು ಅಂತರ್ಜಾಲದ ಮೂಲಕ ಅಮೆರಿಕದ ಗ್ರಾಹಕರೊಬ್ಬರಿಗೆ ಮಾರಿದಿರಿ ಎನ್ನೋಣ. (ಮಕ್ಕಳ ಆಟಿಕೆಯಾದರೆ ಸುರಕ್ಷತಾ ಪರೀಕ್ಷೆಯ ಪತ್ರವೂ ಬೇಕು.) ಹಣ ಬಂತು, ಕೆಲಸ ಮುಗಿಯಿತೇ?

ಮೊದಲು ಪೆಟ್ಟಿಗೆಯನ್ನು ಅಳೆಯಿರಿ. ಗೊಂಬೆ ಹಗುರ, ಆದರೆ ಜಾಗ ನುಂಗುತ್ತದೆ. ಕೊರಿಯರ್ ಸಂಸ್ಥೆಗಳು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. 40, 30, 25ರ ಪೆಟ್ಟಿಗೆಯಲ್ಲಿ 2 ಕಿಲೋ ಸರಕಿದ್ದರೂ ನೀವು ತೆರುವುದು 6 ಕಿಲೋಗೆ! ಲಾಭವೆಲ್ಲ ಕರಗುವುದು ಇಲ್ಲಿಯೇ.

ಇನ್ನು ಸುಂಕ. 800 ಡಾಲರ್‌ವರೆಗಿನ ಪಾರ್ಸೆಲುಗಳಿಗೆ ಅಮೆರಿಕ ನೀಡುತ್ತಿದ್ದ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿತು. ಸುಂಕವನ್ನು ಯಾರು ಕಟ್ಟಬೇಕೆಂಬುದನ್ನು ಮಾರುವ ಮೊದಲೇ ತಿಳಿಸಿ. ಇಲ್ಲವಾದರೆ ಗ್ರಾಹಕರು ಬಾಗಿಲಲ್ಲೇ ಪಾರ್ಸೆಲನ್ನು ನಿರಾಕರಿಸಿಯಾರು. ಮರಳಿ ತರಿಸುವ ವೆಚ್ಚ ಗೊಂಬೆಯ ಬೆಲೆಯನ್ನೇ ಮೀರೀತು. ಆಗ ಕುಶಲಕರ್ಮಿಗೆ ಕೊಟ್ಟ ಕೂಲಿಯೂ ನಿಮ್ಮ ಕೈಯಿಂದಲೇ ಹೋದಂತೆ.

“ಉಡುಗೊರೆ ಎಂದು ಬರೆದುಬಿಡಿ” ಎಂದು ಕೆಲವರು ಕೇಳುವುದುಂಟು. ಒಪ್ಪಬೇಡಿ. ಅದು ಸುಳ್ಳು ಘೋಷಣೆ, ದಂಡಕ್ಕೆ ದಾರಿ. ಬೆಲೆ ಕಡಿಮೆ ತೋರಿಸಿದ ಪೆಟ್ಟಿಗೆ ಕಳೆದುಹೋದರೆ ಪೂರ್ತಿ ಪರಿಹಾರ ಕೇಳಲೂ ಬಾಯಿರುವುದಿಲ್ಲ.

ರಫ್ತಿಗೆ ಆಮದು-ರಫ್ತು ಸಂಕೇತ ಅಗತ್ಯ. ನಿಮ್ಮ ಪ್ಯಾನ್ ಸಂಖ್ಯೆಯೇ ಆ ಸಂಕೇತವಾದರೂ ಅರ್ಜಿ ಸಲ್ಲಿಸಲೇಬೇಕು. ಅಂಚೆ ಇಲಾಖೆಯ ‘ಡಾಕ್‌ಘರ್ ನಿರ್ಯಾತ್ ಕೇಂದ್ರ’ದಲ್ಲಿ ಉಳಿದ ಕಾಗದಪತ್ರಗಳ ಬಗ್ಗೆ ವಿಚಾರಿಸಬಹುದು.